ನಾನು ನೋಡದ ಅಡುಗೆಮನೆ

ಗೋಡೆ ಕಟ್ಟುವುದಕ್ಕಿಂತ ಗೋಡೆ ನೋಡುವುದರಲ್ಲಿ ನನ್ನ ಹೆಸರು ದೊಡ್ಡದಿತ್ತು. ಇದನ್ನು ಹೇಳಿಕೊಳ್ಳುವಾಗ ಈಗಲೂ ಎದೆ ಸ್ವಲ್ಪ ಉಬ್ಬುತ್ತದೆ, ಮರುಗಳಿಗೆಯೇ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆ ಯಾರಾದರೂ ಹಳೆಯ ಮನೆ ಕೊಳ್ಳುವುದಿದ್ದರೆ, ಮಾತು ಮುಗಿಸುವ ಮುಂಚೆ ಹತ್ತಿಮತ್ತೂರಿನ ಹತ್ತಿರದ ನಮ್ಮ ಕೇರಿಗೆ ಆಳು ಕಳಿಸುತ್ತಿದ್ದರು. ಗೌಂಡಿ ಕೆಲಸ ಬಲ್ಲವರು ಊರಿಗೆ ಹತ್ತು ಮಂದಿ ಇದ್ದರು. ಆದರೆ ಗೋಡೆಗೆ ಅಂಗೈ ಒತ್ತಿ, ಇದರೊಳಗೆ ನೀರು ಇಳಿದಿದೆ, ಇದರ ಬುಡದಲ್ಲಿ ಇಲಿ ಬಿಲ ತೋಡಿದೆ, ಈ ಬಿರುಕು ಹಳೆಯದು, ಇದು ಇನ್ನೂ ಬೆಳೆಯುವಂಥದ್ದು ಎಂದು ಹೇಳುವವನು ನಾನೊಬ್ಬನೇ ಎಂದು ಜನ ಅನ್ನುತ್ತಿದ್ದರು. ಜನ ಅಂದದ್ದನ್ನು ನಾನೂ ನಂಬಿದ್ದೆ, ಕೆಟ್ಟದ್ದು ಅಲ್ಲಿಂದಲೇ.

ಹಾನಗಲ್ಲಿನ ಕಡೆ ಮಳೆ ಹೆಚ್ಚು, ಹಂಚಿನ ಮನೆ, ಅಲ್ಲಿ ಮೊದಲು ನೋಡುವುದು ಮರ. ಸವಣೂರು, ಶಿಗ್ಗಾವಿಯ ಕಡೆ ಮಣ್ಣಿನ ಮಾಳಿಗೆ. ಅಲ್ಲಿ ಜಂತಿಗಳಿಗೆ ಒಂದೊಂದಕ್ಕೂ ಮೊಳೆ ಚುಚ್ಚಿ ಒರಲಿ, ಅಂದರೆ ಗೆದ್ದಲು, ಹತ್ತಿದೆಯೇ ನೋಡಬೇಕು, ಮಾಳಿಗೆ ಹತ್ತಿ ನಾಲ್ಕು ಕೊಡ ನೀರು ಸುರಿದು ಅದು ಯಾವ ಕಡೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಬೇಕು. ಎರೆಮಣ್ಣಿನ ಮೇಲೆ ಕಟ್ಟಿದ ಮನೆಯಾದರೆ ಬೇಸಿಗೆಯಲ್ಲಿ ನೋಡಿದ್ದನ್ನು ಮಳೆಗಾಲದಲ್ಲಿ ಇನ್ನೊಮ್ಮೆ ನೋಡಬೇಕು, ಆ ಮಣ್ಣು ಒಣಗಿದರೆ ಬಾಯಿ ಬಿಡುತ್ತದೆ, ನೆಂದರೆ ಉಬ್ಬುತ್ತದೆ. ಹೊಸದಾಗಿ ಸುಣ್ಣ ಬಳಿದ ಮನೆ ಕಂಡರೆ ನನಗೆ ಮೊದಲೇ ಅನುಮಾನ. ಹೊರಗೆ ಥಳಕು, ಒಳಗೆ ಹುಳುಕು. ಮಾರುವವನಿಗೆ ಒಮ್ಮೆಲೇ ಸುಣ್ಣದ ಮೇಲೆ ಅಷ್ಟು ಪ್ರೀತಿ ಯಾಕೆ ಬಂತು ಎಂದು ಎಲ್ಲರೆದುರು ಕೇಳಿಬಿಡುತ್ತಿದ್ದೆ. ಜನ ನಗುತ್ತಿದ್ದರು, ಮಾರುವವನು ಹಲ್ಲು ಕಡಿಯುತ್ತಿದ್ದ. ನನಗೆ ಅದರಲ್ಲಿ ಒಂದು ಖುಷಿಯೂ ಇತ್ತು.

ನಾವು ಊರ ಹೊರಗಿನ ಕೇರಿಯವರು. ಮನೆಯ ಗೋಡೆ ಏರುವಾಗ ನಮ್ಮ ಕೈ ಬೇಕು. ಮಣ್ಣು ತುಳಿಯುವವರು ನಾವು, ಕಲ್ಲು ಹೊರುವವರು ನಾವು, ದೇವರ ಮನೆಯ ಗೂಡಿಗೆ ಗಿಲಾವು ಮಾಡಿ ನುಣುಪು ಬರಿಸುವವರೂ ನಾವೇ. ಮನೆ ತುಂಬಿದ ಮರುದಿನದಿಂದ ಅದೇ ಗೋಡೆಯನ್ನು ನಾವು ಒಳಗಿನಿಂದ ಮುಟ್ಟಿದರೆ ಮೈಲಿಗೆ. ನಿನ್ನೆಯ ತನಕ ಬೆವರು ಸುರಿಸಿದ ಕೈ ಇವತ್ತು ಯಾವ ರೋಗ ಅಂಟಿಸಿಕೊಂಡಿತೋ ದೇವರಿಗೇ ಗೊತ್ತು. ಹೀಗಾಗಿ ಮನೆ ನೋಡಲು ಹೋಗುವಾಗ ನನ್ನದೊಂದು ಕರಾರು ಇರುತ್ತಿತ್ತು: ಮನೆ ಖಾಲಿ ಮಾಡಿರಬೇಕು, ದೇವರನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿರಬೇಕು. ಆಮೇಲೆ ನಾನು ಎಲ್ಲ ಕಡೆ ಅಡ್ಡಾಡುತ್ತೇನೆ, ನಾನು ಹೋದ ಮೇಲೆ ನೀವು ಬೇಕಾದ್ದು ಚಿಮುಕಿಸಿಕೊಳ್ಳಿರಿ. ಬಹಳ ಜನ ಒಪ್ಪುತ್ತಿದ್ದರು. ಒಪ್ಪದವರ ಮನೆಯನ್ನು ನಾನು ನೋಡುತ್ತಿರಲಿಲ್ಲ. ಒಂದು ಮನೆಯನ್ನು ಬಿಟ್ಟು.

ದೊಡ್ಡ ಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದರು. ಆ ಬೇಸಿಗೆಯಲ್ಲಿ ಹಿರೇಕೆರೂರಿನಿಂದ ಗಂಡ ಸತ್ತ ಒಬ್ಬ ಹೆಣ್ಣುಮಗಳು ಗಾಡಿ ಮಾಡಿಕೊಂಡು ನಮ್ಮ ಕೇರಿಯ ತನಕ ಬಂದಳು. ಲಿಂಗವಂತರ ಮನೆತನ, ನಲವತ್ತರ ಆಸುಪಾಸು, ಮಕ್ಕಳಿಲ್ಲ. ಕೇರಿಯ ಬಾಯಿಗಿದ್ದ ಬೇವಿನ ಮರದ ಕೆಳಗೆ ತಾನೇ ಒಂದು ಕಲ್ಲು ನೋಡಿಕೊಂಡು ಕುಳಿತು ನನ್ನನ್ನು ಕರೆಸಿದಳು. ಶಿಗ್ಗಾವಿಯಲ್ಲಿ ಒಂದು ಮನೆ ಮಾರಾಟಕ್ಕಿದೆ, ಮೈಮೇಲಿನ ಬಂಗಾರ ಕೊಟ್ಟು ಅದನ್ನು ಕೊಳ್ಳುತ್ತಾಳೆ, ಸಾಲಿ ಮಾಸ್ತರರಿಗೆ, ಕಚೇರಿಯ ಕಾರಕೂನರಿಗೆ ಖಾನಾವಳಿ ನಡೆಸಿಕೊಂಡು ಇರುತ್ತಾಳೆ. ಇಷ್ಟನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಆಮೇಲೆ ಹೇಳಿದ್ದನ್ನು ನಾನು ಮರೆತಿಲ್ಲ.

"ಮೈದುನನ ಮನ್ಯಾಗ ಹದಿಮೂರು ವರ್ಷ ರೊಟ್ಟಿ ಬಡದೇನಪಾ. ಇನ್ನ ಬಡದ್ರ ನನ್ನ ಮನ್ಯಾಗ ಬಡೀತೇನಿ. ಅಡಗಿಮನಿ ನೋಡು, ಉಳದದ್ದು ಹೆಂಗರ ಇರಲಿ. ನನ್ನ ಬಾಳೇವೆಲ್ಲಾ ಅಲ್ಲೇ. ನೀ ಗಟ್ಟಿ ಐತಿ ಅಂದ್ರ ತಗೋತೇನಿ, ಇಲ್ಲಂದ್ರ ಇಲ್ಲ."

ಮನೆ ಮಾರುವವರು ಹುಬ್ಬಳ್ಳಿಗೆ ಅರಳೆ ವ್ಯಾಪಾರಕ್ಕೆ ಹೊರಟಿದ್ದ ಒಬ್ಬ ಸಾವಕಾರರು. ನನ್ನ ಕರಾರನ್ನು ಮೊದಲೇ ಹೇಳಿ ಕಳಿಸಿದ್ದೆ, ಹೂಂ ಅಂದಿದ್ದರು. ಹೋಗಿ ನೋಡಿದರೆ ಪಡಸಾಲೆ ಖಾಲಿ, ಸಾಮಾನು ಗಾಡಿಗೆ ಹೇರಿದೆ, ಆದರೆ ಒಳಗೆ ದೀಪ ಉರಿಯುತ್ತಿದೆ. ಸಾವಕಾರರ ತಾಯಿ ಅಡುಗೆಮನೆಯ ಹೊಸ್ತಿಲೊಳಗೆ ನಿಂತಿದ್ದಾಳೆ. ದೇವರು ಎದ್ದಿಲ್ಲ, ಒಳ್ಳೆಯ ದಿನ ಸೋಮವಾರ ಇದೆ, ಆವತ್ತೇ ಎಬ್ಬಿಸುವುದು ಎಂದಳು. ದೇವರ ಗೂಡು ಇದ್ದದ್ದು ಅಡುಗೆಮನೆಯಲ್ಲೇ. ಹಾಗಾದರೆ ಸೋಮವಾರದ ಮರುದಿನ ಬರುತ್ತೇನೆ ಎಂದು ತಿರುಗಿ ಬರಬೇಕಿತ್ತು. ತಿರುಗಲೂ ತಿರುಗಿದೆ. ಸಾವಕಾರರು ಮೆಲ್ಲಗೆ, ಅಷ್ಟು ಹೆಸರಿನ ಗೌಂಡಿ ನೀನು, ಹೊಸ್ತಿಲಲ್ಲಿ ನಿಂತರೆ ನಿನಗೆ ಕಾಣಿಸುವುದಿಲ್ಲವೇ ಎಂದರು.

ಆ ಒಂದು ಮಾತಿಗೆ ನಾನು ಹೊರಳಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ನನ್ನ ಜುಟ್ಟಿಗೆ ಅವರು ಹೂವು ಮುಡಿಸಿದರು, ನಾನು ತಲೆ ಬಗ್ಗಿಸಿ ಮುಡಿಸಿಕೊಂಡೆ.

ಮಾಳಿಗೆ ಹತ್ತಿದೆ, ನೀರು ಸುರಿದೆ, ಪಡಸಾಲೆಯ ಜಂತಿಗಳನ್ನೆಲ್ಲ ಚುಚ್ಚಿ ನೋಡಿದೆ. ಹೊರಗಿನಿಂದ ಸುತ್ತು ಹಾಕಿ ಗೋಡೆ ಮುಟ್ಟಿದೆ. ಹಿತ್ತಲಲ್ಲಿ ಬಚ್ಚಲ ನೀರು ಅಡುಗೆಮನೆಯ ಗೋಡೆಯ ಬುಡಕ್ಕೇ ಹೋಗಿ ಇಂಗುತ್ತಿತ್ತು. ಎಷ್ಟೋ ವರ್ಷದ ನೀರು, ಆದರೆ ಸುತ್ತ ಎಲ್ಲಿಯೂ ಕೆಸರಿಲ್ಲ. ಅಷ್ಟು ನೀರು ಕುಡಿಯುವ ಹೊಟ್ಟೆ ಒಳಗೆ ಎಲ್ಲೋ ಇರಬೇಕು. ಆ ಸೀಮೆಯ ಹಳೆಯ ಮನೆಗಳಲ್ಲಿ ಹಗೇವು ಇರುತ್ತವೆ, ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳವಾದ ಕಣಜ. ಕಾಲ ಕಳೆದ ಹಾಗೆ ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಹಾಕಿ, ಸಾರಿಸಿ, ಮೇಲೆ ಬಾಳುವೆ ಮಾಡುತ್ತಾರೆ, ಮೂರು ತಲೆಮಾರಿನಲ್ಲಿ ಎಲ್ಲರೂ ಮರೆಯುತ್ತಾರೆ. ಅದನ್ನು ಕಂಡುಹಿಡಿಯಲು ಒಂದೇ ದಾರಿ. ಒನಕೆಯಿಂದ ನೆಲವನ್ನು ಗೇಣಿಗೊಮ್ಮೆ ಕುಟ್ಟುತ್ತ ಹೋಗಬೇಕು. ಕಿವಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಆ ಕೈ ಹೊಸ್ತಿಲ ಹೊರಗಿತ್ತು. ಮುದುಕಿ ತಾನೇ ಕುಟ್ಟುತ್ತೇನೆ, ನೀನು ಕೇಳು ಎಂದಳು. ಕುಟ್ಟಿದಳು. ಬಾಗಿಲ ಬಳಿ ಧಡಧಡ ಕುಟ್ಟಿದಳು, ನಡುವೆ ಕುಟ್ಟಿದಳು, ಒಲೆಯ ಮೂಲೆಗೆ ಹೋದಾಗ ಒನಕೆಯನ್ನು ಕೂಸನ್ನು ಮಲಗಿಸಿದ ಹಾಗೆ ಇಳಿಸಿದಳು. ಆದರೂ ಒಂದು ಸಲ, ಒಂದೇ ಸಲ, ಟೊಳ್ಳು ದನಿ ಬಂತು. ಅಲ್ಲಿ ಇನ್ನೊಮ್ಮೆ ಕುಟ್ಟಿರವ್ವ ಎಂದೆ. ರಟ್ಟೆ ಸೋತಿತು, ಇನ್ನೆಷ್ಟು ಕುಟ್ಟಲಿ, ಅದು ನೆಲದಲ್ಲಿ ಹೂತ ಒರಳು ಎಂದು ಒನಕೆಯನ್ನು ಗೋಡೆಗೆ ಆನಿಸಿಬಿಟ್ಟಳು. ಒರಳು ಇದ್ದದ್ದು ಬೇರೆ ಮೂಲೆಯಲ್ಲಿ. ಅದು ಹೊಸ್ತಿಲಿನಿಂದಲೇ ನನಗೆ ಕಾಣುತ್ತಿತ್ತು.

ಆ ಹೆಣ್ಣುಮಗಳು ಎದುರು ಮನೆಯ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಸಾವಕಾರರೂ ನನ್ನ ಹಿಂದೆಯೇ ಬಂದು ನಿಂತರು. ಎಲ್ಲ ನೋಡಿದೆಯಾ ಎಂದು ಕೇಳಿದಳು. ನೋಡಿದೆ ಎಂದೆ. ಆಕೆ ಮತ್ತೆ ಕೇಳಿದಳು.

"ಅಡಗಿಮನಿ?"

"ನೋಡೇನ್ರಿ ಅವ್ವಾರ. ಗಟ್ಟಿ ಐತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಾನು ಕಾಲಿನ ಕೆಸರು ಉಜ್ಜಿಕೊಳ್ಳುವ ನೆವ ಮಾಡಿದೆ. ಕಡು ಬೇಸಿಗೆಯಲ್ಲಿ ಎಲ್ಲಿಯ ಕೆಸರು.

ಯಾಕೆ ಸುಳ್ಳು ಹೇಳಿದೆ ಎಂದು ನನ್ನನ್ನು ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಸಾವಕಾರರ ಹೆದರಿಕೆ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ನಮ್ಮ ಕೇರಿಯ ನಾಲ್ಕು ಮನೆ ಅವರ ಹೊಲದಲ್ಲಿ ದುಡಿಯುತ್ತಿದ್ದವು, ಅದು ಸುಳ್ಳಲ್ಲ. ಆದರೆ ಅದು ಕಾರಣವೂ ಅಲ್ಲ. ನನ್ನನ್ನು ಒಳಗೆ ಬಿಡಲಿಲ್ಲ ಎಂದು ಬಾಯಿ ಬಿಟ್ಟು ಹೇಳುವುದು ನನ್ನಿಂದ ಆಗಲಿಲ್ಲ, ಅಷ್ಟೇ. ಇಡೀ ಸೀಮೆ ಹೊಗಳುವ ಗೌಂಡಿ, ಒಂದು ಅಡುಗೆಮನೆಯ ಬಾಗಿಲಲ್ಲಿ ಭಿಕ್ಷೆಯವನ ಹಾಗೆ ನಿಂತು, ಮುದುಕಿ ಕುಟ್ಟಿದ ಒನಕೆಗೆ ಕಿವಿಗೊಟ್ಟು ಬಂದೆ ಎಂದು ಆ ಹೆಣ್ಣುಮಗಳೆದುರು ಹೇಳಲೇ? ನಾಚಿಕೆ ನುಂಗಿದೆ, ಅದರ ಜೊತೆಗೆ ಆಕೆಯ ಬಾಳುವೆಯನ್ನೂ ನುಂಗಿದೆ.

ಹಿರಿಯರ ಎದುರು ಮಾತು ಮುಗಿಯಿತು. ಅಲ್ಲಿಯ ರೂಢಿಯಂತೆ ಅವರು ಎರಡೂ ಕಡೆಯವರಿಗೆ ಹೇಳಿದರು: ತೋರಿಸಿ ಕೊಟ್ಟ ಮನೆಗೆ ಆಮೇಲೆ ಮಾತಿಲ್ಲ, ತೋರಿಸದೆ ಮುಚ್ಚಿಟ್ಟು ಕೊಟ್ಟದ್ದು ಹೊರಬಿದ್ದರೆ ಮಾರಿದವನೇ ಸರಿಮಾಡಿ ಕೊಡಬೇಕು. ಎರಡೂ ಕಡೆಯವರು ಹೂಂ ಅಂದರು. ಆಕೆ ಮನೆ ತುಂಬಿದಳು. ಎರಡು ತಿಂಗಳಲ್ಲಿ ಖಾನಾವಳಿ ಹಿಡಿಯಿತು. ಆ ದಾರಿಯಲ್ಲಿ ಹೋದಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿತ್ತು. ಒಂದು ಸಲ ಆಕೆ ನನ್ನನ್ನು ಕಂಡು ಕರೆದು, ಹಿತ್ತಲ ಬಾಗಿಲಲ್ಲಿ ಎರಡು ರೊಟ್ಟಿ, ಝುಣಕ ಕೊಟ್ಟಳು. ನಿನ್ನ ಪುಣ್ಯ ಎಂದಳು. ಆ ರೊಟ್ಟಿ ತಿನ್ನಲಾಗಲಿಲ್ಲ ಎಂದು ಬರೆದರೆ ಚೆಂದ ಕಾಣುತ್ತಿತ್ತು. ತಿಂದೆ, ಹಸಿದಿದ್ದೆ.

ಬಚ್ಚಲ ನೀರಿಗೆ ಬೇರೆ ದಾರಿ ಮಾಡಿರಿ ಎಂದು ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಯಾಕೆ ಅನ್ನುತ್ತಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಹೇಳಲಿಲ್ಲ.

ಮಳೆ ಆ ವರ್ಷ ಜೋರು ಹಿಡಿಯಿತು. ನಾನು ಶಿಗ್ಗಾವಿಯಲ್ಲೇ, ಆಕೆಯ ಮನೆಯಿಂದ ಎರಡು ಓಣಿ ಆಚೆ, ಬಿದ್ದ ಗೋಡೆಯೊಂದನ್ನು ಎಬ್ಬಿಸುತ್ತಿದ್ದೆ. ಹೊತ್ತು ಏರಿ ಇನ್ನೂ ಬಹಳ ಆಗಿರಲಿಲ್ಲ, ಮಾಸ್ತರರೊಬ್ಬರು ಓಡುತ್ತ ಬಂದು ಖಾನಾವಳಿಯ ಗೋಡೆ ಬಿತ್ತು, ಅವ್ವ ಒಳಗಿದ್ದಾಳೆ ಎಂದರು. ಹಾರೆ ಹಿಡಿದುಕೊಂಡು ಓಡಿದೆ. ಪಡಸಾಲೆಯ ತುಂಬ ಜನ. ಎಲ್ಲರೂ ದೂರ ನಿಂತು ಬಾಯಿ ಮಾಡುತ್ತಿದ್ದಾರೆ, ಮಾಳಿಗೆ ಇನ್ನೂ ಕುಸಿದೀತು ಎಂದು ಒಬ್ಬರೂ ಒಳಗೆ ಕಾಲಿಡುತ್ತಿಲ್ಲ. ನನ್ನನ್ನು ಕಂಡದ್ದೇ ಒಳಗೆ ಹೋಗು, ಒಳಗೆ ಹೋಗು ಎಂದು ದಾರಿ ಬಿಟ್ಟರು. ಆ ಹೊಸ್ತಿಲನ್ನು ನಾನು ದಾಟಿದ್ದು ಆವತ್ತೇ ಮೊದಲು. ಯಾವ ಮಡಿಯೂ ಯಾರಿಗೂ ನೆನಪಾಗಲಿಲ್ಲ. ನಾಲ್ಕು ದಿನದ ಮೇಲೆ ನೆನಪಾಗಿ ಗೋಮೂತ್ರ ಚಿಮುಕಿಸಿದರಂತೆ, ಯಾವ ಗೋಡೆಗೆ ಚಿಮುಕಿಸಿದರೋ.

ಒಲೆಯ ಮೂಲೆಯ ನೆಲ ಪೂರ್ತಿ ಒಳಗೆ ಹೋಗಿತ್ತು. ಅದರ ಜೊತೆ ಹಿಂದಿನ ಗೋಡೆ ಜಾರಿ ಒಳಮಗ್ಗುಲಾಗಿ ಬಿದ್ದಿತ್ತು. ಕುಳಿಯ ಅಂಚಿಗೆ ಹಗೇವಿನ ಬಾಯಿಯ ಒಡೆದ ಚಪ್ಪಡಿ ಚಾಚಿಕೊಂಡಿತ್ತು. ಆಕೆಯ ಬಲಗಾಲಿನ ಮೇಲೆ ಗೋಡೆ ಬಿದ್ದಿತ್ತು, ಎಚ್ಚರ ಇತ್ತು, ಅಳುತ್ತಿರಲಿಲ್ಲ. ನಾನು ಹಾರೆ ಹಾಕಿ ಮಣ್ಣು ಎತ್ತುತ್ತಿದ್ದರೆ ಆಕೆ ಆ ಕುಳಿಯನ್ನೇ ನೋಡುತ್ತಿದ್ದಳು. ಕಾಲು ಉಳಿಯಿತು, ಹೆಜ್ಜೆ ನೆಟ್ಟಗೆ ಉಳಿಯಲಿಲ್ಲ.

ಕಾಲಿಗೆ ಕಟ್ಟು ಹಾಕಿಸಿಕೊಂಡೇ ಆಕೆ ಹಿರಿಯರನ್ನು ಕೂಡಿಸಿದಳು. ಸಾವಕಾರರು ಹುಬ್ಬಳ್ಳಿಯಿಂದ ಬಂದರು. ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಹಿರಿಯರು, ಕೆಳಗೆ ಒಂದು ಮಗ್ಗುಲಿಗೆ ಗಾಡಿಯಲ್ಲೇ ಕಾಲು ಚಾಚಿ ಆಕೆ, ಇನ್ನೊಂದು ಮಗ್ಗುಲಿಗೆ ದೂರದಲ್ಲಿ ನಾನು. ಕೇಳಬೇಕಾದ್ದು ಒಂದೇ ಇತ್ತು. ಹಗೇವಿನ ನೆಲವನ್ನು ತೋರಿಸಿ ಕೊಟ್ಟರೋ, ಮುಚ್ಚಿ ಕೊಟ್ಟರೋ? ಮುಚ್ಚಿ ಕೊಟ್ಟಿದ್ದರೆ ಸಾವಕಾರರು ಹಗೇವು ತುಂಬಿಸಿ, ಗೋಡೆ ಕಟ್ಟಿಸಿ ಕೊಡಬೇಕು, ಆಕೆಯ ಮನೆ ಆಕೆಗೆ ಉಳಿಯುತ್ತದೆ. ತೋರಿಸಿ ಕೊಟ್ಟಿದ್ದರೆ ಆಕೆಯ ಹಣೆಬರಹ. ಸಾವಕಾರರು ಜಾಣರು. ತೋರಿಸಿದೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಅವನನ್ನೇ ಕೇಳಿರಿ ಎಂದು ನನ್ನ ಕಡೆ ಕೈ ಮಾಡಿದರು.

ಕಟ್ಟೆಯ ಮೇಲಿದ್ದವರಲ್ಲಿ ಎಲ್ಲಕ್ಕಿಂತ ಹಿರಿಯರು ನನ್ನ ಕಡೆ ತಿರುಗಿದರು.

"ಖರೇ ಹೇಳು. ನಿನ್ನ ಅಡಗಿಮನ್ಯಾಗ ಬಿಟ್ಟಿದ್ರೋ, ಇಲ್ಲೋ?"

ಇಷ್ಟು ಸಲೀಸಾದ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಇಲ್ಲ ಎಂದರೆ ಮುಗಿಯುತ್ತಿತ್ತು. ಆ ಎರಡಕ್ಷರದ ಆಚೆಗೆ ಇನ್ನೊಂದು ಪ್ರಶ್ನೆ ಕಾಯುತ್ತಿದೆ ಎಂದು ನನಗೆ ಗೊತ್ತಿತ್ತು. ಹಾಗಾದರೆ ನೋಡಿದೆ ಎಂದು ಯಾವ ಬಾಯಿಯಿಂದ ಹೇಳಿದೆ? ಅಲ್ಲಿ ನಾಲ್ಕೂ ಊರಿನ ಜನ ಇದ್ದರು, ನಾನು ಹಿಂದೆ ನಗಿಸಿ ಅವಮಾನ ಮಾಡಿದ ಇಬ್ಬರು ಮೂವರು ಮನೆಮಾರಿದವರೂ ಇದ್ದರು. ಅವರು ನಗುವುದು ಆಗಲೇ ನನ್ನ ಕಿವಿಗೆ ಬಂತು. ಗಾಡಿಯಲ್ಲಿದ್ದ ಆಕೆಯ ಕಡೆ ನೋಡಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು, ಸಿಟ್ಟಿರಲಿಲ್ಲ.

"ನೋಡೇನ್ರಿ. ಆವಾಗ ಗಟ್ಟಿ ಇತ್ತು. ಮಳಿಗೆ ಕುಸದೈತಿ."

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ನಮ್ಮ ಕೇರಿಯವನೊಬ್ಬ ದೇವರಿದ್ದ ಅಡುಗೆಮನೆ ಹೊಕ್ಕಿದ್ದ ಎಂಬುದನ್ನು ಅವರಲ್ಲಿ ಯಾರೂ ನಂಬಲಿಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ಸಾವಕಾರರು ನೆಲ ನೋಡುತ್ತ ನಿಂತರು, ಆ ಮೈಲಿಗೆಯನ್ನು ಒಂದು ಮಾತೂ ಆಡದೆ ನುಂಗಿದರು. ಮಾರಿದ ಮನೆಯ ಮಡಿ, ಅವರಿಗೇನು ಖರ್ಚು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತೋರಿಸಿ ಕೊಟ್ಟಿದ್ದಾರೆ, ನೋಡಿ ತೆಗೆದುಕೊಂಡಿದ್ದಾಳೆ, ಮಾತಿಲ್ಲ ಎಂದರು. ಆಕೆ ಗಾಡಿಯವನಿಗೆ ಗಾಡಿ ಹೊಡೆ ಎಂದಳು.

ಬಿದ್ದ ಮನೆಯನ್ನು ಆಕೆ ಮಗ್ಗುಲಿನವರಿಗೆ ಬಿಟ್ಟುಕೊಟ್ಟು ಹಿರೇಕೆರೂರಿಗೆ ಮರಳಿ ಮೈದುನನ ಮನೆ ಸೇರಿದಳು ಎಂದು ಕೇಳಿದೆ. ನನಗೆ ಏನೂ ಆಗಲಿಲ್ಲ. ಮಳೆಯ ತಪ್ಪು ಎಂದರು. ಮುಂದಿನ ಬೇಸಿಗೆಯಲ್ಲೂ ಮನೆ ನೋಡಲು ಆಳು ಬಂದ, ನಾನೂ ಹೋದೆ. ಹೋಗಿ ಅದೇ ಗತ್ತಿನಿಂದ ಜಂತಿ ಚುಚ್ಚಿದೆ.

ಯುದ್ಧ ಮುಗಿದ ಮೇಲಿನ ಮಾತು. ಹಿರೇಕೆರೂರಿನಲ್ಲಿ ಒಬ್ಬರ ಹಿತ್ತಲಿಗೆ ಗೋಡೆ ಹಾಕಲು ಕರೆದರು. ಕೆಲಸ ಶುರುವಾದ ಎರಡನೆಯ ದಿನ ಒಳಗಿನಿಂದ ಕಾಲೆಳೆಯುತ್ತ ನೀರಿನ ತಂಬಿಗೆ ಹಿಡಿದು ಬಂದವಳು ಆಕೆ. ಅದು ಆಕೆಯ ಮೈದುನನ ಮನೆ ಎಂದು ನನಗೆ ಆಗಲೇ ತಿಳಿದದ್ದು. ಓಡಿಹೋಗಲು ಮನಸ್ಸಾಯಿತು, ಬಾಯಾರಿಕೆಯೂ ಆಗಿತ್ತು. ಬೊಗಸೆ ಒಡ್ಡಿದೆ. ಆಕೆ ಮೇಲಿನಿಂದ ನೀರು ಹೊಯ್ಯುತ್ತ, ನಿನ್ನೆ ಬಿಟ್ಟ ಮಾತನ್ನು ಮತ್ತೆ ಹಿಡಿದವಳಂತೆ ಕೇಳಿದಳು.

"ಆವತ್ತ ನಿನ್ನ ಒಳಗ ಬಿಟ್ಟಿದ್ರಾ?"

ಬೊಗಸೆ ಇಳಿಸಿದೆ. "ಇಲ್ರಿ ಅವ್ವಾರ" ಎಂದೆ. ಅಷ್ಟು ಹೇಳಲು ನನಗೆ ನಾಲ್ಕು ವರ್ಷ ಹಿಡಿಯಿತು.

"ಗೊತ್ತಿತ್ತು. ಎದುರುಮನಿ ಕಟ್ಟಿ ಮುಂದ ನಿಂತು ಗಟ್ಟಿ ಐತಿ ಅಂದಿ ನೋಡು, ಆವಾಗನ ಗೊತ್ತಾತು. ಮನಿ ಬೇಕಾಗಿತ್ತು ನನಗ, ಅದಕ್ಕ ಕೆದಕಿ ಕೇಳಲಿಲ್ಲ. ಅದು ನನ್ನ ತಪ್ಪು."

ತಂಬಿಗೆ ಖಾಲಿಯಾಯಿತು. ಆಕೆ ಅದನ್ನು ಬೋರಲು ಮಾಡಿ ಉಳಿದ ಹನಿ ಚೆಲ್ಲಿದಳು.

"ಗುಡಿ ಮುಂದ ನೀ ಇಲ್ಲ ಅಂತಿ ಅಂತ ಕಾಯಕೋತ ಇದ್ದೆ. ಹೆಂಗಸಿನ ಮಾತು ಅಲ್ಲಿ ನಡಿಯಂಗಿಲ್ಲ. ನಿನ್ನ ಮಾತೂ ಯಾವತ್ತೂ ನಡದಿಲ್ಲ. ಆವತ್ತೊಂದ ದಿನ ನಡೀತಿತ್ತು. ಅಷ್ಟೂ ಹಿರ್ಯಾರು ನಿನ್ನ ಬಾಯಿ ನೋಡಾಕತ್ತಿದ್ರು."

ಒಳಗಿನಿಂದ ಮೈದುನನ ಹೆಂಡತಿ, ಹೊತ್ತಾಯಿತು, ಹಿಟ್ಟು ನಾದುವವರು ಯಾರು ಎಂದು ಕೂಗಿದಳು. ಆಕೆ ಬಂದೆ ಎಂದು ಹೇಳಿ, ಗೋಡೆ ಹಿಡಿದುಕೊಂಡು ಒಳಗೆ ಹೋದಳು.